ಮನೆಬಾಗಿಲಿನ ಅಂಗಡಿಗೆ ವಾರ್ಷಿಕ ಚಂದಾ: ಒಂದು ಗೃಹಕೃತ್ಯದ ಲೆಕ್ಕಾಚಾರ

ತ್ಯಾಗರಾಯ ನಗರದಲ್ಲಿ ನೆಲಸಿರುವವರಿಗೆ ಅಂಗಡಿಗಳ ಅಭಾವವಿದೆಯೆಂದರೆ ಕೇಳಿದವರು ನಕ್ಕಾರು. ಮಾಂಬಲಂ ರೈಲು ನಿಲ್ದಾಣದಿಂದ ಇಳಿದರೆ ರಂಗನಾಥನ್ ಬೀದಿ. ಜನಸಾಗರವನ್ನು ಸೀಳಿಕೊಂಡು ಅದನ್ನು ದಾಟಿದರೆ ಉಸ್ಮಾನ್ ರಸ್ತೆ. ಅಲ್ಲಿಂದ ಪನಗಲ್ ಉದ್ಯಾನದ ಸುತ್ತ ರೇಷ್ಮೆ, ಬಂಗಾರ, ಪಾತ್ರೆಪಡಗ. ಅದರಾಚೆ ಪಾಂಡಿ ಬಜಾರು. 1920ರ ದಶಕದಲ್ಲಿ ಮೈಲಾಪುರದ ‘ಲಾಂಗ್ ಟ್ಯಾಂಕ್’ ಎಂಬ ವಿಶಾಲವಾದ ಕೆರೆಯ ನೆಲದಲ್ಲಿ ತಲೆಯೆತ್ತಿ, ಸರ್ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನು ಹೊತ್ತ ಈ ಬಡಾವಣೆ, ಪ್ರಶಾಂತವಾದ ವಸತಿ ಪ್ರದೇಶವಾಗಬೇಕೆಂದು ಯೋಜಿತವಾಗಿದ್ದುದು. 1928ರಲ್ಲಿ ನಲ್ಲಿಯವರ ರೇಷ್ಮೆ ಅಂಗಡಿ ತೆರೆದ ಮೇಲೆ ನಡೆದುದೆಲ್ಲ ಬೇರೆಯೇ ಕಥೆ. ಪಾದಚಾರಿಗಳಿಗೆ ಅನುಕೂಲವಾಗಲೆಂದು 2019ರಲ್ಲಿ ಪಾಂಡಿ ಬಜಾರಿನ ಕಾಲುದಾರಿಗಳನ್ನು ಅಗಲಗೊಳಿಸಿದರು. 2023ರಲ್ಲಿ ಮಾಂಬಲಂ ನಿಲ್ದಾಣದಿಂದ ಬಸ್ ನಿಲ್ದಾಣದವರೆಗೆ ಮೇಲುಸೇತುವೆಯೊಂದನ್ನು ಕಟ್ಟಿದರು. ಇಷ್ಟಾದರೂ ಇದೇ ಬಡಾವಣೆಯ ಯಾವ ವಸತಿ ಸಮುಚ್ಚಯದ ಕಾವಲುಗಾರನನ್ನು ಕೇಳಿದರೂ, ದಿನಕ್ಕೆ ಎಷ್ಟು ರಟ್ಟಿನ ಪೆಟ್ಟಿಗೆಗಳು ಬಂದಿಳಿಯುತ್ತವೆಂಬುದನ್ನು ಲೆಕ್ಕವಿಡಲಾರೆನೆಂದೇ ಹೇಳುತ್ತಾನೆ.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇದ್ದಾರೆ. ಮಂಡಿನೋವಿನ ತಾಯಿ ಚೀಲ ಹೊತ್ತು ಬೀದಿಗಿಳಿಯಬಾರದೆಂಬ ಕಾಳಜಿಯಿಂದ ಅವರು ಮೊಬೈಲಿನಲ್ಲಿ ಒಂದು ಅಂತರಜಾಲ ಅಂಗಡಿಯ ಸದಸ್ಯತ್ವವನ್ನು ಮಾಡಿಸಿಕೊಟ್ಟು ಹೋಗಿರುತ್ತಾರೆ. ವರ್ಷ ತುಂಬಿದಾಗ ಚಂದಾ ತಾನಾಗಿಯೇ ಕಳೆದುಹೋಗುತ್ತದೆ. ಅದರಿಂದ ಲಾಭವಾಯಿತೋ ನಷ್ಟವಾಯಿತೋ ಎಂದು ಕುಳಿತು ಲೆಕ್ಕ ಹಾಕಿದವರು ವಿರಳ. ರಕ್ತದೊತ್ತಡ, ಮಧುಮೇಹ, ಮಂಡಿನೋವುಗಳನ್ನು ಕುರಿತ ಲೇಖನಗಳ ನಡುವೆ ಈ ವ್ಯಾಪಾರದ ಮಾತೇಕೆಂದು ಓದುಗರು ಕೇಳಬಹುದು. ಔಷಧಿ, ಸಕ್ಕರೆ ಅಳೆಯುವ ಪಟ್ಟಿ, ರಕ್ತದೊತ್ತಡದ ಯಂತ್ರ, ಅಡುಗೆಯ ಎಣ್ಣೆ ಇವೆಲ್ಲವೂ ಈಗ ಅದೇ ಪೆಟ್ಟಿಗೆಗಳಲ್ಲಿ ಬರುತ್ತಿರುವುದರಿಂದ, ಈ ವಿಷಯ ವೈದ್ಯಕೀಯಕ್ಕೆ ಹೊರತಾದುದೆಂದು ಹೇಳುವಂತಿಲ್ಲ.

ಸದಸ್ಯತ್ವವೆಂಬುದು ಹೊಸತಲ್ಲ

ಹಣ ತೆತ್ತು ಅಂಗಡಿಗೆ ಸದಸ್ಯರಾಗುವ ಪದ್ಧತಿ ಈ ನಗರಕ್ಕೆ ಅಂತರಜಾಲದೊಡನೆ ಬಂದುದಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 28 ಮಂದಿ ತಲಾ ಒಂದು ಪೌಂಡಿನ ಪಾಲು ಹಾಕಿ, 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಓಣಿಯಲ್ಲಿ ಅಂಗಡಿಯೊಂದನ್ನು ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು ಇಂಥವು ಅಲ್ಲಿನ ಸರಕು. ಉಳಿದ ಲಾಭವನ್ನು, ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಅವರವರಿಗೇ ಹಿಂತಿರುಗಿಸುವುದು ಅವರು ಕಂಡುಕೊಂಡ ಉಪಾಯ. ಅದೇ ತತ್ತ್ವವನ್ನು ಅನುಸರಿಸಿ 1904ರಲ್ಲಿ ನಮ್ಮ ಮದರಾಸಿನಲ್ಲಿಯೇ ಟ್ರಿಪ್ಲಿಕೇನ್ ನಗರ ಸಹಕಾರ ಸಂಘ ಹುಟ್ಟಿತು. ಟ್ರಿಪ್ಲಿಕೇನಿನ ಹಿಂದೂ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಅದರ ಆದ್ಯ ಪ್ರವರ್ತಕರಲ್ಲೊಬ್ಬರು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಾಲದ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಸಾಲದ ಸಂಘ, ಇದು ದಿನಸಿಯ ಸಂಘ. ಆದರೂ ಹತ್ತಾರು ಮಂದಿ ಸೇರಿ ಕೊಂಡರೆ ಮಧ್ಯವರ್ತಿಯ ಕೈಗೆ ಹೋಗುವ ಕಾಸು ಉಳಿಯುವುದೆಂಬ ನಂಬಿಕೆ ಎರಡರಲ್ಲಿಯೂ ಒಂದೇ.

ಇಂದಿನ ಸದಸ್ಯತ್ವಕ್ಕೂ ಅಂದಿನದಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಸಹಕಾರ ಸಂಘದ ಸದಸ್ಯ ಅಂಗಡಿಯ ಒಡೆಯರಲ್ಲೊಬ್ಬ. ಪಾಲಿನ ಹಣ ಅವನದಾಗಿಯೇ ಉಳಿಯುತ್ತಿತ್ತು. ಲಾಭವಾದರೆ ಅದರಲ್ಲಿಯೂ ಅವನಿಗೆ ಭಾಗವಿತ್ತು. ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಅಕ್ಕಿಯಲ್ಲಿ ಕಲ್ಲಿದೆಯೆಂದು ಜಗಳವಾಡುವ ಹಕ್ಕೂ ಇತ್ತು. ಅಂತರಜಾಲ ಅಂಗಡಿಯ ಸದಸ್ಯನಾದರೋ ಒಂದು ವರ್ಷದ ಸೌಕರ್ಯಕ್ಕಾಗಿ ಮುಂಗಡ ಬಾಡಿಗೆಯನ್ನು ತೆತ್ತವನು. ವರ್ಷ ಕಳೆದರೆ ಆ ಹಣವೂ ಕಳೆಯಿತು. ಆದುದರಿಂದ ಕೊಟ್ಟದ್ದಕ್ಕೆ ತಕ್ಕ ಪ್ರತಿಫಲವನ್ನು ಪಡೆಯುವ ಹೊಣೆ ಸಂಪೂರ್ಣವಾಗಿ ಅವನ ಮೇಲೆಯೇ ಬೀಳುತ್ತದೆ.

1499 ರೂಪಾಯಿ ಎಲ್ಲಿಗೆ ಹೋಗುತ್ತದೆ?

ಉದಾಹರಣೆಗಾಗಿ ಅಮೆಜಾನ್ ಪ್ರೈಮ್ ಎಂಬ ಸದಸ್ಯತ್ವವನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ 2005ರಲ್ಲಿ ವರ್ಷಕ್ಕೆ 79 ಡಾಲರಿನೊಂದಿಗೆ ಇದು ಆರಂಭವಾಯಿತು. ಭಾರತಕ್ಕೆ ಬಂದುದು 2016ರ ಜುಲೈ ತಿಂಗಳಿನಲ್ಲಿ, 499 ರೂಪಾಯಿಯ ಪ್ರಾರಂಭಿಕ ದರದಲ್ಲಿ. ಅನಂತರ ಅದು 999 ಆಯಿತು. 2021ರ ಡಿಸೆಂಬರಿನಲ್ಲಿ 1499ಕ್ಕೆ ಏರಿತು. ಅಭ್ಯಾಸ ಬಲಿತ ಮೇಲೆ ಬೆಲೆಯೇರಿಸುವುದು ವ್ಯಾಪಾರದ ಹಳೆಯ ಧರ್ಮ. ಅದಕ್ಕಾಗಿ ಯಾರನ್ನೂ ದೂಷಿಸುವಂತಿಲ್ಲ. ತಿಂಗಳ ಚಂದಾ 2023ರ ಏಪ್ರಿಲಿನಲ್ಲಿ 299 ರೂಪಾಯಿಗೂ ಮೂರು ತಿಂಗಳದು 599 ರೂಪಾಯಿಗೂ ಹೋಯಿತು.

ಈ ಅಂಕೆಗಳಲ್ಲಿಯೇ ಒಂದು ಪಾಠ ಅಡಗಿದೆ. ತಿಂಗಳು ತಿಂಗಳೂ ಕೊಡುತ್ತ ಹೋದರೆ ವರ್ಷಕ್ಕೆ 3588 ರೂಪಾಯಿ. ಮೂರು ತಿಂಗಳಿಗೊಮ್ಮೆ ಕೊಟ್ಟರೆ 2396. ಒಮ್ಮೆಲೇ ಕೊಟ್ಟರೆ 1499. ಐದು ತಿಂಗಳ ಮಾಸಿಕ ಚಂದಾ 1495 ರೂಪಾಯಿಯಾಗುವುದರಿಂದ ಐದನೆಯ ತಿಂಗಳಿಗೇ ವರ್ಷದ ಹಣ ಸಂದಂತಾಯಿತು. ಎರಡು ತಿಂಗಳ ಮಾಸಿಕ ಚಂದಾಕ್ಕೂ ಮೂರು ತಿಂಗಳ ಚಂದಾಕ್ಕೂ ಒಂದೇ ರೂಪಾಯಿಯ ವ್ಯತ್ಯಾಸ. ದಸರಾ ದೀಪಾವಳಿಗಳ ಖರೀದಿಗೆ ಮಾತ್ರ ಬೇಕೆನ್ನುವವರು ಒಂದು ತಿಂಗಳಿಗೆ ಸೇರಿ ಬಿಟ್ಟುಬಿಡುವುದು ಸರಿ. ಸದಾಕಾಲ ಬೇಕೆನ್ನುವವರು ವರ್ಷದ ಚಂದಾ ಕಟ್ಟುವುದು ಸರಿ. ತಿಂಗಳ ಚಂದಾವನ್ನು ಮರೆತು ವರ್ಷವಿಡೀ ಕಟ್ಟುತ್ತಿರುವುದು ಮಾತ್ರ ಯಾವ ಲೆಕ್ಕದಲ್ಲಿಯೂ ಸರಿಯಲ್ಲ.

ಇನ್ನು ಸಾಗಣೆಯ ವೆಚ್ಚ. ಸದಸ್ಯರಲ್ಲದವರಿಗೆ ಒಂದು ಬಾರಿಗೆ 40 ರೂಪಾಯಿ ಬೀಳುವುದೆಂದು ಇಟ್ಟುಕೊಳ್ಳೋಣ. 1499ನ್ನು 40ರಿಂದ ಭಾಗಿಸಿದರೆ ಸುಮಾರು 38 ಬರುತ್ತದೆ. ಎಂದರೆ, ವರ್ಷದಲ್ಲಿ 38 ಬಾರಿಯಾದರೂ, ಅದೂ ಸದಸ್ಯತ್ವವಿಲ್ಲದಿದ್ದರೆ ಸಾಗಣೆವೆಚ್ಚ ತೆರಬೇಕಾಗಿದ್ದ ಸಣ್ಣ ಖರೀದಿಗಳನ್ನೇ ಮಾಡಿದ್ದರೆ, ಸಾಗಣೆಯೊಂದರಿಂದಲೇ ಹಣ ಹುಟ್ಟುತ್ತದೆ. ದೊಡ್ಡ ಮೊತ್ತದ ಖರೀದಿಗೆ ಸಾಮಾನ್ಯವಾಗಿ ಎಲ್ಲರಿಗೂ ಉಚಿತ ಸಾಗಣೆ ಇರುವುದರಿಂದ ಅವು ಈ ಎಣಿಕೆಗೆ ಬರುವುದಿಲ್ಲ. ಹಿಂದಿನ ವರ್ಷದ ಖರೀದಿಗಳ ಪಟ್ಟಿ ಮೊಬೈಲಿನಲ್ಲಿಯೇ ಇರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಕಾಗದ ಪೆನ್ಸಿಲು ಹಿಡಿದು ಕುಳಿತರೆ ಅರ್ಧ ಗಂಟೆಯ ಕೆಲಸ. ಮೂವತ್ತೆಂಟಕ್ಕೆ ಹತ್ತಿರ ಬಾರದವರು ಬೇರೆ ಪ್ರಯೋಜನಗಳಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದಾರೆಯೇ ಎಂದು ನೋಡಬೇಕು.

ಇಲ್ಲಿಯೇ ಅನೇಕರು ಜಾರುವುದು. ಚಂದಾ ಕೊಟ್ಟಾಗಿದೆ, ಅದನ್ನು ವಸೂಲು ಮಾಡಬೇಕು ಎಂಬ ಹಟದಿಂದ ಬೇಡದ ವಸ್ತುಗಳನ್ನು ತರಿಸತೊಡಗುತ್ತಾರೆ. ಕೊಟ್ಟ ಹಣ ಕೊಟ್ಟಾಯಿತು. ಅದನ್ನು ಹಿಂದಕ್ಕೆ ತರಲು ಇನ್ನಷ್ಟು ಖರ್ಚು ಮಾಡುವುದು ಮದುವೆಯ ಊಟದಲ್ಲಿ ಉಡುಗೊರೆಯ ಹಣವನ್ನು ವಸೂಲು ಮಾಡಹೊರಟವನ ಪ್ರಯತ್ನದಂತೆ. ಮರುದಿನ ಹೊಟ್ಟೆಯುಬ್ಬರ ಅವನಿಗೇ. ಸಾಗಣೆ ಉಚಿತವೆಂಬ ಮಾತ್ರಕ್ಕೆ ಸರಕಿನ ಬೆಲೆಯೂ ಕಡಿಮೆಯೆಂದು ತಿಳಿಯಬಾರದು. ಉಸ್ಮಾನ್ ರಸ್ತೆಯ ಹಿಂದಿನ ಓಣಿಯ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಕಿಲೋಗೆ ಹತ್ತು ರೂಪಾಯಿ ಅಗ್ಗವಾಗಿದ್ದು, ಐದು ಕಿಲೋ ಬೇಳೆಯನ್ನು ಮನೆಯಲ್ಲೇ ಕುಳಿತು ತರಿಸಿದರೆ, 40 ರೂಪಾಯಿ ಸಾಗಣೆ ಉಳಿಸಿ 50 ರೂಪಾಯಿ ಕಳೆದುಕೊಂಡಂತಾಯಿತು. ಪೊಟ್ಟಣಗಳ ಮೇಲೆ ಈಗ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟೆಂಬ ಬಿಡಿಬೆಲೆಯನ್ನೂ ಮುದ್ರಿಸುತ್ತಾರೆ. 900 ಗ್ರಾಮಿನ ಪೊಟ್ಟಣವನ್ನು ಕಿಲೋ ಎಂದು ಭಾವಿಸಿ ಮೋಸಹೋಗದಿರಲು ಆ ಚಿಕ್ಕ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಬೇಕು.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ಸದಸ್ಯತ್ವದಿಂದ ದೊರೆಯುವ ಒಂದು ವಿಶೇಷ ಪ್ರಯೋಜನವನ್ನು ಹೇಳದಿದ್ದರೆ ಅನ್ಯಾಯವಾದೀತು. ಚೆನ್ನೈನ ಚಿತ್ರಮಂದಿರಗಳಲ್ಲಿ ಕನ್ನಡ ಚಿತ್ರವನ್ನು ನೋಡುವ ಅವಕಾಶ ಅಪರೂಪ. 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ನೇರವಾಗಿ ಪ್ರೈಮ್ ವಿಡಿಯೋದಲ್ಲಿಯೇ ಬಿಡುಗಡೆಗೊಂಡವು. ಬೆಂಗಳೂರಿನವರು ನೋಡಿದ ದಿನವೇ ನಾವೂ ನೋಡುವಂತಾಯಿತು. 2025ರ ಜೂನ್ ತಿಂಗಳಿನಿಂದ ಚಿತ್ರಗಳ ನಡುವೆ ಜಾಹೀರಾತುಗಳು ಬರತೊಡಗಿ, ಅವು ಬೇಡವೆನ್ನುವವರು ವರ್ಷಕ್ಕೆ ಮತ್ತೆ 699 ರೂಪಾಯಿ ಕೊಡಬೇಕೆಂದು ಏರ್ಪಾಡಾಯಿತು. ಜಾಹೀರಾತು ಬಂದಾಗ ಎದ್ದು ನಾಲ್ಕು ಹೆಜ್ಜೆ ನಡೆದಾಡಿದರೆ ಕಾಲಿಗೂ ಒಳ್ಳೆಯದು, ಕಿಸೆಗೂ ಒಳ್ಳೆಯದು. ಇನ್ನೊಂದು ಸಂಗತಿ: 2020ರಲ್ಲಿ ಮೊದಲು ಫ್ಲಿಪ್‌ಕಾರ್ಟ್, ಅನಂತರ ಅಮೆಜಾನ್ ತಮ್ಮ ಅಂಗಡಿಗಳನ್ನು ಕನ್ನಡದಲ್ಲಿಯೂ ತೆರೆದವು. ಇಂಗ್ಲಿಷಿನಲ್ಲಿ ತಡವರಿಸುವ ಹಿರಿಯರಿಗೆ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿಕೊಟ್ಟರೆ, ಪ್ರತಿಯೊಂದಕ್ಕೂ ಮಗನಿಗೆ ಫೋನು ಮಾಡುವ ಕಷ್ಟ ತಪ್ಪುತ್ತದೆ.

ಪೆಟ್ಟಿಗೆಯಲ್ಲಿ ಬರುವ ಆರೋಗ್ಯ

2020ರ ಆಗಸ್ಟಿನಲ್ಲಿ ಅಮೆಜಾನ್ ಬೆಂಗಳೂರಿನಲ್ಲಿ ಔಷಧಿ ಮಾರಾಟವನ್ನು ಆರಂಭಿಸಿತು. ಇತರ ಕಂಪನಿಗಳು ಅದಕ್ಕೂ ಮುಂಚೆಯೇ ಈ ವ್ಯಾಪಾರದಲ್ಲಿದ್ದವು. ಪ್ರತಿ ತಿಂಗಳೂ ತಪ್ಪದೆ ಬೇಕಾಗುವ ರಕ್ತದೊತ್ತಡದ ಅಥವಾ ಥೈರಾಯ್ಡಿನ ಮಾತ್ರೆಗಳನ್ನು ತರಿಸಿಕೊಳ್ಳುವುದರಲ್ಲಿ ಅನುಕೂಲವಿದೆ, ಸಂದೇಹವಿಲ್ಲ. ಆದರೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳನ್ನು ಚೀಟಿ ಕೇಳದೆಯೇ ಕಳುಹಿಸುವ ಅಂಗಡಿ ಎಷ್ಟೇ ರಿಯಾಯಿತಿ ಕೊಡಲಿ, ಅದನ್ನು ದೂರವಿಡುವುದು ಲೇಸು. ಬಂದ ಪೊಟ್ಟಣವನ್ನು ಬಿಚ್ಚಿದೊಡನೆ ಔಷಧಿಯ ಹೆಸರು, ಮಿಲಿಗ್ರಾಮಿನ ಪ್ರಮಾಣ, ಅವಧಿ ಮುಗಿಯುವ ತಿಂಗಳು, ಈ ಮೂರನ್ನು ಚೀಟಿಯೊಡನೆ ಹೋಲಿಸಿ ನೋಡಬೇಕು. 25ರ ಬದಲು 50 ಮಿಲಿಗ್ರಾಮಿನ ಮಾತ್ರೆ ಬಂದು, ಅದನ್ನು ಗಮನಿಸದೆ ನುಂಗಿದರೆ, ಉಳಿಸಿದ ಹತ್ತು ರೂಪಾಯಿಗೆ ಆಸ್ಪತ್ರೆಯ ಖರ್ಚು ಅಂಟಿಕೊಳ್ಳುತ್ತದೆ.

ಇನ್ಸುಲಿನ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಬೇಕು. ಚೆನ್ನೈನ ಕತ್ತರಿ ಬಿಸಿಲಿನಲ್ಲಿ, ಮೋಟಾರ್ ಸೈಕಲ್ಲಿನ ಹಿಂದಿನ ಪೆಟ್ಟಿಗೆಯಲ್ಲಿ ಅದು ಎರಡು ಗಂಟೆ ಅಲೆದರೆ ಅದರ ಗತಿಯೇನೆಂದು ಊಹಿಸಬಹುದು. ತಂಪು ಕೆಡದಂತೆ ಮಂಜಿನ ಪೊಟ್ಟಣದೊಡನೆ ಬಾರದಿದ್ದರೆ ಸ್ವೀಕರಿಸಬಾರದು. ಅದಕ್ಕಿಂತ, ಮನೆಯ ಹತ್ತಿರದ ಔಷಧಿ ಅಂಗಡಿಯ ಶೀತಕಪಾಟಿನಿಂದ ಕೊಳ್ಳುವುದೇ ಮೇಲು. ಸಕ್ಕರೆ ಪರೀಕ್ಷೆಯ ಪಟ್ಟಿಗಳನ್ನು ಮಾರಾಟದ ಹಬ್ಬದಲ್ಲಿ ಅಗ್ಗವಾಗಿ ಸಿಗುತ್ತವೆಂದು ರಾಶಿ ಹಾಕಿಕೊಳ್ಳುವವರಿದ್ದಾರೆ. ಅವಕ್ಕೂ ಅವಧಿಯುಂಟು, ಯಂತ್ರಕ್ಕೆ ಹೊಂದದ ಪಟ್ಟಿ ಕಸಕ್ಕೆ ಸಮಾನ, ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಈ ಕಡಲೂರಿನ ತೇವಾಂಶಕ್ಕೆ ಅವು ಬೇಗ ಕೆಡುತ್ತವೆ.

ರಕ್ತದೊತ್ತಡದ ಯಂತ್ರವನ್ನು ಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದಕ್ಕಿಂತ ಮೇಲ್ದೋಳಿಗೆ ಕಟ್ಟುವ ಯಂತ್ರವನ್ನು ಆರಿಸಬೇಕು. ತೋಳಿನ ಸುತ್ತಳತೆಯನ್ನು ಅಳೆದು ಅದಕ್ಕೆ ಸರಿಹೊಂದುವ ಪಟ್ಟಿಯಿದೆಯೇ ಎಂದು ನೋಡಬೇಕು. ಪಟ್ಟಿ ಚಿಕ್ಕದಾದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ಯಂತ್ರವನ್ನೂ ಕೊಂಡೊಯ್ದು ಅವರ ಯಂತ್ರದೊಡನೆ ತಾಳೆ ನೋಡಿ, ವ್ಯತ್ಯಾಸ ಬಹಳವಿದ್ದರೆ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಹಿಂದಕ್ಕೆ ಕಳುಹಿಸಬೇಕು. ಸದಸ್ಯತ್ವದಿಂದ ಯಂತ್ರ ಮರುದಿನವೇ ಬರುತ್ತದೆ ನಿಜ. ಆದರೆ ಫಿಲ್ಟರ್ ಕಾಫಿ ಕುಡಿದ ಲೋಟವನ್ನು ಕೆಳಗಿಟ್ಟು ಕೂಡಲೇ ಅಳೆದುಕೊಂಡರೆ ಯಾವ ಯಂತ್ರವೂ ನಿಜ ಹೇಳುವುದಿಲ್ಲ. ಕಾಫಿಯಾಗಿ ಅರ್ಧ ಗಂಟೆ ಕಳೆದು, ಐದು ನಿಮಿಷ ಸುಮ್ಮನೆ ಬೆನ್ನೊರಗಿ ಕುಳಿತು, ಪಾದಗಳನ್ನು ನೆಲದ ಮೇಲೆ ಊರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟುಕೊಂಡು ಅಳೆಯಬೇಕು.

ಅಡುಗೆಯ ಎಣ್ಣೆಯ ಐದು ಲೀಟರಿನ ಡಬ್ಬ ಒಂದು ಲೀಟರಿನ ಪೊಟ್ಟಣಕ್ಕಿಂತ ಅಗ್ಗವಾಗಿ ಕಾಣುತ್ತದೆ. ಗಂಡಹೆಂಡಿರಿಬ್ಬರೇ ಇರುವ ಮನೆಗೆ, ಒಬ್ಬರಿಗೆ ತಿಂಗಳಿಗೆ ಸುಮಾರು ಅರ್ಧ ಲೀಟರೆಂಬ ವೈದ್ಯರ ಮಿತಿಯನ್ನು ಅನುಸರಿಸಿದರೆ, ಆ ಡಬ್ಬ ಐದು ತಿಂಗಳು ಬರಬೇಕು. ಬರುವುದೇ? ಡಬ್ಬ ತುಂಬಿದ್ದಾಗ ಬಜ್ಜಿ ಬೋಂಡಗಳ ಆಸೆಯೂ ಹೆಚ್ಚುವುದನ್ನು ಯಾವ ಗೃಹಿಣಿಯೂ ಬಲ್ಲಳು. ಹಾಗೆಯೇ ಕೂತಲ್ಲಿಯೇ ಎಲ್ಲವೂ ಬಂದರೆ ನಡಿಗೆ ನಿಲ್ಲುತ್ತದೆ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರವಾದ ಅಕ್ಕಿ, ಗೋಧಿಹಿಟ್ಟು, ಸಾಬೂನುಗಳನ್ನು ಮನೆಗೆ ತರಿಸಿ, ಸೊಪ್ಪು, ಹೂವು, ಹಣ್ಣುಗಳಿಗಾಗಿ ಬೆಳಗಿನ ತಂಪಿನಲ್ಲಿ ಕೈಚೀಲ ಹಿಡಿದು ಹೋಗುವ ಏರ್ಪಾಡು ಸದಸ್ಯತ್ವಕ್ಕೂ ಮಂಡಿಗೂ ಸಮನಾಗಿ ನ್ಯಾಯ ಒದಗಿಸುತ್ತದೆ.

ಔಷಧಿಯಲ್ಲಿ ಉಳಿತಾಯವೇ ಮುಖ್ಯವಾದರೆ ಚಂದಾ ಬೇಡದ ದಾರಿಗಳೂ ಉಂಟು. ಕೇಂದ್ರ ಸರಕಾರದ ಜನೌಷಧಿ ಅಂಗಡಿಗಳು 2008ರಿಂದ ಇವೆ. ತಮಿಳುನಾಡು ಸರಕಾರ 2025ರ ಫೆಬ್ರವರಿ 24ರಂದು ‘ಮುದಲ್ವರ್ ಮರುಂದಗಂ’ ಎಂಬ ಹೆಸರಿನಲ್ಲಿ ಸಾವಿರ ಔಷಧಿ ಅಂಗಡಿಗಳನ್ನು ತೆರೆಯಿತು. ಅವುಗಳಲ್ಲಿ ಹಲವನ್ನು ಸಹಕಾರ ಸಂಘಗಳೇ ನಡೆಸುತ್ತವೆ. ಒಂದೇ ರಾಸಾಯನಿಕ ಹೆಸರಿನ ಮಾತ್ರೆಗೆ ಅಲ್ಲಿ ಎಷ್ಟು, ಮೊಬೈಲಿನಲ್ಲಿ ಎಷ್ಟು ಎಂದು ಒಮ್ಮೆ ಹೋಲಿಸಿ, ವೈದ್ಯರ ಒಪ್ಪಿಗೆ ಪಡೆದು ಬದಲಾಯಿಸಬಹುದು.

ಸೇರುವುದು ಸುಲಭ, ಬಿಡುವುದು?

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನಿನಲ್ಲಿ ಅಮೆಜಾನ್ ಮೇಲೆ ಮೊಕದ್ದಮೆ ಹೂಡಿತು. ಗ್ರಾಹಕರನ್ನು ಅವರ ಸ್ಪಷ್ಟ ಸಮ್ಮತಿಯಿಲ್ಲದೆ ಪ್ರೈಮ್‌ಗೆ ಸೇರಿಸಿಕೊಳ್ಳಲಾಗಿದೆ, ಬಿಡಹೊರಟವರಿಗೆ ದಾರಿಯನ್ನು ಬೇಕೆಂದೇ ಸುತ್ತುಬಳಸಾಗಿ ಮಾಡಲಾಗಿದೆ ಎಂಬುದು ಆರೋಪ. ಸದಸ್ಯತ್ವವನ್ನು ಕೈಬಿಡುವ ಆ ಕ್ರಮಕ್ಕೆ ಕಂಪನಿಯೊಳಗೆ ಹೋಮರನ ದೀರ್ಘ ಮಹಾಕಾವ್ಯದ ನೆನಪಿನಲ್ಲಿ ‘ಇಲಿಯಡ್’ ಎಂದು ಹೆಸರಿಟ್ಟಿದ್ದರೆಂದು ದೂರಿನಲ್ಲಿ ಹೇಳಿತ್ತು. 2025ರ ಸೆಪ್ಟೆಂಬರಿನಲ್ಲಿ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸತಕ್ಕದ್ದು. ನಮ್ಮ ದೇಶದಲ್ಲಿಯೂ 2023ರ ನವೆಂಬರ್ 30ರಂದು ಕೇಂದ್ರ ಸರಕಾರ ಇಂಥ 13 ಬಗೆಯ ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಸಿ ನಿಷೇಧಿಸಿತು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ‘ಇನ್ನೆರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕಡೆಯ ಹಂತದಲ್ಲಿ ಹೊಸ ಶುಲ್ಕ, ಚಂದಾದ ಬಲೆ ಇವೆಲ್ಲವೂ ಆ ಪಟ್ಟಿಯಲ್ಲಿವೆ.

ಚಂದಾ ತಾನಾಗಿ ಕಳೆಯುವ ಬಗೆಯನ್ನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ಹೀಗೆ ಹಣ ಕಳೆಯುವುದಕ್ಕೆ 24 ಗಂಟೆ ಮುಂಚಿತವಾಗಿ ಗ್ರಾಹಕನಿಗೆ ಸಂದೇಶ ಬರಬೇಕು. ಆದರೆ 2022ರಲ್ಲಿ ನಿಗದಿಯಾದ 15,000 ರೂಪಾಯಿಯ ಮಿತಿಯೊಳಗಿನ ಮೊತ್ತಕ್ಕೆ ಪ್ರತಿ ಸಲವೂ ಓಟಿಪಿ ಕೇಳಬೇಕಾಗಿಲ್ಲ. ಎಂದರೆ 1499 ರೂಪಾಯಿ ಸದ್ದಿಲ್ಲದೆ ಹೋಗಬಲ್ಲುದು. ಆ ಒಂದು ಸಂದೇಶವೇ ಗಂಟೆ. ಅದನ್ನು ನೂರು ಜಾಹೀರಾತು ಸಂದೇಶಗಳ ನಡುವೆ ಕಳೆದುಕೊಂಡರೆ ಇನ್ನೊಂದು ವರ್ಷ ಕಟ್ಟಿದಂತೆಯೇ. ಸೇರಿದ ದಿನವೇ ತಾನಾಗಿ ನವೀಕರಣವಾಗುವ ಏರ್ಪಾಡನ್ನು ನಿಲ್ಲಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ತಾರೀಖಿನ ಮೇಲೊಂದು ಗುರುತು ಹಾಕಿಟ್ಟರೆ ಈ ಚಿಂತೆಯಿಲ್ಲ.

ಹಿರಿಯರ ಪಾಲಿಗೆ ಇದಕ್ಕಿಂತ ಘೋರವಾದ ಅಪಾಯ ದೂರವಾಣಿಯಲ್ಲಿ ಬರುತ್ತದೆ. ‘ನಿಮ್ಮ ಸದಸ್ಯತ್ವ ಇಂದು ಮುಗಿಯುತ್ತದೆ, ಹಣ ಹಿಂತಿರುಗಿಸುತ್ತೇವೆ, ಈ ಸಂಖ್ಯೆಯನ್ನು ಹೇಳಿ’ ಎಂದು ಸವಿಮಾತಿನಲ್ಲಿ, ಕೆಲವು ಸಲ ಅಚ್ಚ ಕನ್ನಡದಲ್ಲಿಯೇ, ಕೇಳುವವರಿದ್ದಾರೆ. ಹಣ ಪಡೆಯುವುದಕ್ಕೆ ಓಟಿಪಿಯಾಗಲಿ ಯುಪಿಐ ಗುಪ್ತಸಂಖ್ಯೆಯಾಗಲಿ ಬೇಕಾಗುವುದಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಪರದೇಶದಲ್ಲಿರುವ ಮಕ್ಕಳು ಸದಸ್ಯತ್ವ ಮಾಡಿಸುವಾಗ, ನಿವೃತ್ತಿವೇತನ ಬಂದು ಬೀಳುವ ಖಾತೆಯನ್ನು ಅದಕ್ಕೆ ಜೋಡಿಸದೆ, ಎರಡು ಮೂರು ಸಾವಿರ ಮಾತ್ರ ಇರುವ ಬೇರೆ ಖಾತೆಯೊಂದನ್ನು ಜೋಡಿಸಿಕೊಟ್ಟರೆ ತಂದೆತಾಯಿಗಳು ನಿಶ್ಚಿಂತೆಯಿಂದ ನಿದ್ರಿಸಬಹುದು. ಹಣ ಹೋದುದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಇಲ್ಲಿ ಗಂಟೆಗಳಲ್ಲ, ನಿಮಿಷಗಳು ಮುಖ್ಯ.

ವಂಚನೆಯಲ್ಲದೆ ಸಾಮಾನ್ಯ ತಕರಾರಾದರೆ, ಅಂದರೆ ಒಡೆದ ವಸ್ತು, ಬಾರದ ಹಣ, ನಿಲ್ಲದ ಚಂದಾ ಇತ್ಯಾದಿಗಳಿಗೆ, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಅಲ್ಲಿ ಕನ್ನಡವೂ ಸೇರಿ 17 ಭಾಷೆಗಳಲ್ಲಿ ದೂರು ಹೇಳಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದೆಯೆಂದು ಅಲ್ಲಿಗೆ ಅಲೆಯಬೇಕಾಗಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದೂರುದಾರ ತಾನು ವಾಸವಾಗಿರುವ ಊರಿನಲ್ಲಿಯೇ, ಎಂದರೆ ನಾವು ಚೆನ್ನೈನಲ್ಲಿಯೇ, ದೂರು ಸಲ್ಲಿಸಬಹುದು. ರಸೀದಿ, ಹಣ ಕಳೆದ ಸಂದೇಶ, ಕಂಪನಿಯೊಡನೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡಿದ್ದರೆ ಸಾಕು.